ಸೈಟಿಗೆ ಇ.ಸಿ. ತೆಗೆಸುತ್ತೇವೆ, ಷೇರಿಗೆ ಯಾಕಿಲ್ಲ?

ನಮ್ಮಲ್ಲಿ ಸೈಟು ತಗೊಳ್ಳುವವರು ಮಾಲೀಕನ ಮಾತು ನಂಬಿ ದುಡ್ಡು ಎಣಿಸುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಸುತ್ತಾರೆ. ಹೊಲ, ತೋಟವಾದರೆ ಪಹಣಿಯ 11ನೇ ಕಾಲಂ ನೋಡುತ್ತಾರೆ. ಯಾವ ಬ್ಯಾಂಕಿನ ಸಾಲ, ಯಾವ ಸೊಸೈಟಿಯ ಸಾಲ ಅದರ ಮೇಲಿದೆ ಅಂತ ಅಲ್ಲಿ ಬರೆದಿರುತ್ತದೆ. ಆಮೇಲೆ ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ವಕೀಲರಿಗೆ ಫೀಸು ಕೊಟ್ಟು ಕಾಗದಪತ್ರ ತೋರಿಸುತ್ತಾರೆ. ಮೂವತ್ತು ನಲವತ್ತರ ಒಂದು ಸೈಟಿಗೆ ಇಷ್ಟು ಓಡಾಟ.

ಅದೇ ಜನ ಒಂದು ಸಣ್ಣ ಕಂಪನಿಯ ಷೇರಿಗೆ ಎರಡು ಲಕ್ಷ ಹಾಕುವಾಗ ಮೊಬೈಲಿನಲ್ಲಿ ಬಟನ್ ಒತ್ತಿ ಮುಗಿಸುತ್ತಾರೆ. ಕಂಪನಿಗೆ ಎಷ್ಟು ಸಾಲ ಇದೆ, ಅದು ಯಾರಿಗೆ ಮಾಲು ಮಾರುತ್ತದೆ, ಆ ಗಿರಾಕಿ ನಿಜಕ್ಕೂ ಇದ್ದಾನಾ, ಯಾವುದೂ ಗೊತ್ತಿರುವುದಿಲ್ಲ. ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಕಂಪನಿಗಳಿಗೂ ಇ.ಸಿ. ಇದೆ, ಪಹಣಿ ಇದೆ, ಅಕ್ಕಪಕ್ಕದವರೂ ಇದ್ದಾರೆ. ಎಲ್ಲಿ ಹುಡುಕಬೇಕು ಅಂತ ಗೊತ್ತಿರಬೇಕು, ಅಷ್ಟೇ.

ಇದನ್ನು ಒಂದು ನಿಜವಾದ ಪ್ರಕರಣ ಹಿಡಿದೇ ಹೇಳುತ್ತೇನೆ.

ನಿಂತುಹೋದ ನೀಲಿ ಕ್ಯಾಬ್

ಬೆಂಗಳೂರಿನವರಿಗೆ ಬ್ಲೂಸ್ಮಾರ್ಟ್ ಕ್ಯಾಬ್ ನೆನಪಿರಬೇಕು. ನೀಲಿ ಬಿಳಿ ಬಣ್ಣದ ಕರೆಂಟ್ ಕಾರುಗಳು. ಏರ್‌ಪೋರ್ಟಿಗೆ ಹೋಗುವವರು ಹಿಂದಿನ ರಾತ್ರಿಯೇ ಬುಕ್ ಮಾಡಿ ನಿಶ್ಚಿಂತೆಯಿಂದ ಮಲಗುತ್ತಿದ್ದರು. 2025ರ ಏಪ್ರಿಲ್ ಮಧ್ಯದಲ್ಲಿ ಒಂದು ದಿನ ಆ್ಯಪ್‌ನಲ್ಲಿ ಬುಕಿಂಗ್ ನಿಂತುಹೋಯಿತು. ಬೆಂಗಳೂರು, ದೆಹಲಿ, ಮುಂಬೈ, ಮೂರೂ ಕಡೆ. ಸಾವಿರಾರು ಡ್ರೈವರ್‌ಗಳು ಕೆಲಸ ಕಳೆದುಕೊಂಡರು.

ಆ ಕಾರುಗಳಲ್ಲಿ ದೊಡ್ಡ ಪಾಲು ಬ್ಲೂಸ್ಮಾರ್ಟ್‌ನ ಸ್ವಂತದ್ದಾಗಿರಲಿಲ್ಲ. ಜೆನ್ಸೋಲ್ ಎಂಜಿನಿಯರಿಂಗ್ ಎಂಬ ಕಂಪನಿ ಸಾಲ ಮಾಡಿ ಕಾರು ಕೊಂಡು, ಬ್ಲೂಸ್ಮಾರ್ಟ್‌ಗೆ ಲೀಸ್ ಮೇಲೆ ಕೊಡುತ್ತಿತ್ತು. ಜೆನ್ಸೋಲ್ ಅಹಮದಾಬಾದ್ ಮೂಲದ್ದು, ಸೋಲಾರ್ ಕೆಲಸದಿಂದ ಶುರುವಾದದ್ದು. 2019ರಲ್ಲಿ ಮುಂಬೈ ಷೇರು ಪೇಟೆ ಬಿಎಸ್‌ಇಯ ಸಣ್ಣ ಕಂಪನಿಗಳ ಪಟ್ಟಿಗೆ, ಅಂದರೆ ಎಸ್‌ಎಂಇ ವಿಭಾಗಕ್ಕೆ ಬಂತು. 2023ರಲ್ಲಿ ಮುಖ್ಯ ಪಟ್ಟಿಗೆ ಏರಿತು. ಅದರ ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುತ್ತಿದ್ದವರು, ಅನ್ಮೋಲ್ ಸಿಂಗ್ ಜಗ್ಗಿ ಮತ್ತು ಪುನೀತ್ ಸಿಂಗ್ ಜಗ್ಗಿ ಎಂಬ ಅಣ್ಣತಮ್ಮಂದಿರು. ಬ್ಲೂಸ್ಮಾರ್ಟ್ ಕಟ್ಟಿದವರಲ್ಲಿಯೂ ಇವರಿಬ್ಬರು ಇದ್ದರು. ಅಂದರೆ ಬಾಡಿಗೆಗೆ ಕೊಡುವವರೂ ಇವರೇ, ಬಾಡಿಗೆಗೆ ತಗೊಳ್ಳುವವರೂ ಇವರೇ. ಈ ಮಾತನ್ನು ಇಲ್ಲೇ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರಲ್ಲಿ ಈ ಷೇರು 1,100 ರೂಪಾಯಿ ದಾಟಿತ್ತು. 2025ರ ಏಪ್ರಿಲ್ 15ರಂದು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಧ್ಯಂತರ ಆದೇಶ ಹೊರಡಿಸಿದ ದಿನ ಅದು ಸುಮಾರು 130 ರೂಪಾಯಿಗೆ ಬಂದಿತ್ತು. ಆ ಹೊತ್ತಿಗೆ ಷೇರು ಹಿಡಿದಿದ್ದ ಸಾಮಾನ್ಯ ಜನರ ಸಂಖ್ಯೆ ಲಕ್ಷ ಮೀರಿತ್ತು. ಜೆನ್ಸೋಲ್ ಬಗ್ಗೆ ಮುಂದೆ ಬರುವ ಅಂಕಿಗಳೆಲ್ಲ ಆ ಆದೇಶದಲ್ಲಿ ಇರುವಂಥವು. ಮಧ್ಯಂತರ ಆದೇಶ ಎಂದರೆ ಮೇಲ್ನೋಟಕ್ಕೆ ಕಂಡದ್ದರ ಆಧಾರದ ಮೇಲೆ ಕೊಟ್ಟದ್ದು, ಕೊನೆಯ ತೀರ್ಪಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಲೆಕ್ಕ ಸರಳ. ಜೆನ್ಸೋಲ್ ಸರ್ಕಾರಿ ಸಾಲ ಸಂಸ್ಥೆಗಳಾದ ಐರೆಡಾ ಮತ್ತು ಪಿಎಫ್‌ಸಿಯಿಂದ 977.75 ಕೋಟಿ ರೂಪಾಯಿ ಸಾಲ ತಗೊಂಡಿತ್ತು. ಅದರಲ್ಲಿ 663.89 ಕೋಟಿ 6,400 ಕರೆಂಟ್ ಕಾರು ಕೊಳ್ಳಲಿಕ್ಕೆ. ಇದರ ಮೇಲೆ ಕಂಪನಿ ತನ್ನ ಪಾಲು ಹಾಕಬೇಕಿತ್ತು. ಎರಡೂ ಸೇರಿ 829.86 ಕೋಟಿ ಕಾರಿಗೆ ಹೋಗಬೇಕಿತ್ತು. ಕೊಂಡ ಕಾರು ಎಷ್ಟು? 4,704. ಅವುಗಳ ಬೆಲೆ 567.73 ಕೋಟಿ. ಉಳಿದ 262.13 ಕೋಟಿ ಎಲ್ಲಿ?

ಈ 4,704 ಎಂಬ ಸಂಖ್ಯೆ ಗಟ್ಟಿಯಾದದ್ದು ಹೇಗೆ ಅನ್ನುವುದೇ ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನಿಸುವುದು. ಕಂಪನಿ ಹೇಳಿದ್ದಕ್ಕೇ ಅದು ನಿಲ್ಲಲಿಲ್ಲ. ಕಾರು ಮಾರಿದ ಗೋ-ಆಟೋ ಎಂಬ ಡೀಲರ್ ಕಂಪನಿಯನ್ನೂ ಕೇಳಲಾಯಿತು. ಎಷ್ಟು ಕಾರು ಕೊಟ್ಟಿರಿ, ಎಷ್ಟು ದುಡ್ಡು ಬಂತು? ಅವರ ಪುಸ್ತಕದಲ್ಲೂ ಅದೇ ಸಂಖ್ಯೆ ಇತ್ತು. ಯಾವ ವ್ಯವಹಾರಕ್ಕಾದರೂ ಎರಡು ಪುಸ್ತಕ ಇರುತ್ತವೆ. ಕೊಟ್ಟವನದ್ದು ಒಂದು, ತಗೊಂಡವನದ್ದು ಒಂದು. ಕಂಪನಿ ನಮಗೆ ತೋರಿಸುವುದು ತನ್ನ ಪುಸ್ತಕ ಮಾತ್ರ. ಎದುರಿನವನ ಪುಸ್ತಕ ಎಲ್ಲಿದೆ ಅಂತ ಹುಡುಕುವುದೇ ಈ ವಿದ್ಯೆಯ ಹೂರಣ.

ಒಂದು ಕಂತಿನ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹಿಂಬಾಲಿಸಿ ನೋಡೋಣ. 2022ರ ಸೆಪ್ಟೆಂಬರ್ 30ರಂದು ಐರೆಡಾ 71.41 ಕೋಟಿ ಬಿಡುಗಡೆ ಮಾಡಿತು. ಜೆನ್ಸೋಲ್ ಅದಕ್ಕೆ ತನ್ನ ಪಾಲು ಸೇರಿಸಿ, ಅಕ್ಟೋಬರ್ 3ರಂದು 93.88 ಕೋಟಿಯನ್ನು ಗೋ-ಆಟೋಗೆ ಕಳಿಸಿತು. ಇಲ್ಲಿಯವರೆಗೆ ಎಲ್ಲ ಸರಿ. ಕಾರು ಕೊಳ್ಳಲು ಡೀಲರ್‌ಗೆ ದುಡ್ಡು ಹೋಗಿದೆ. ಆದರೆ ಅದೇ ದಿನ ಗೋ-ಆಟೋದಿಂದ 50 ಕೋಟಿ ಕ್ಯಾಪ್‌ಬ್ರಿಡ್ಜ್ ವೆಂಚರ್ಸ್ ಎಂಬ ಸಂಸ್ಥೆಗೆ ಹೋಯಿತು. ಅದು ಜೆನ್ಸೋಲ್‌ಗೆ ಸಂಬಂಧಪಟ್ಟ ಸಂಸ್ಥೆ ಅಂತ ಸೆಬಿ ಹೇಳಿದೆ. ಅಲ್ಲಿಂದ 42.94 ಕೋಟಿ ಡಿಎಲ್‌ಎಫ್ ಕಂಪನಿಗೆ ಹೋಯಿತು. ಯಾತಕ್ಕೆ? ಗುರುಗ್ರಾಮದ ಕ್ಯಾಮೆಲಿಯಾಸ್ ಎಂಬ ಐಷಾರಾಮಿ ಕಟ್ಟಡದಲ್ಲಿ ಒಂದು ಅಪಾರ್ಟ್‌ಮೆಂಟಿಗೆ.

ಕ್ಯಾಬ್ ಕೊಳ್ಳಲು ಕೊಟ್ಟ ಸಾಲದ ದುಡ್ಡು ಮೂರು ಕೈ ದಾಟಿ ಫ್ಲ್ಯಾಟ್ ಆಯಿತು. ಜೆನ್ಸೋಲ್ ಪುಸ್ತಕದಲ್ಲಿ ಮಾತ್ರ ಅದು ಕಾರಿನ ಡೀಲರ್‌ಗೆ ಕೊಟ್ಟ ದುಡ್ಡು. ಬಿಲ್ ಕೇಳಿದರೆ ಬಿಲ್ ಇದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ಅದೂ ಇದೆ. ಮೋಸ ಇರುವುದು ನಮ್ಮ ಕಣ್ಣಿಗೆ ಬೀಳುವ ಮೊದಲ ಹೆಜ್ಜೆಯಲ್ಲಲ್ಲ, ಎರಡನೆಯ ಹೆಜ್ಜೆಯಲ್ಲಿ. ಅದಕ್ಕೇ ಕಂಪನಿಯ ಜೊತೆ ವ್ಯವಹಾರ ಮಾಡುವವರು ಯಾರು ಅನ್ನುವುದು ಅಷ್ಟು ಮುಖ್ಯ.

ಸಾಲದ ಕಥೆ ಇನ್ನೂ ಗಂಭೀರ. ಕಂಪನಿ ಸಾಲ ತೀರಿಸೀತೇ ಅಂತ ಅಳೆದು ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳು ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿದ್ದವು. ಕಂಪನಿ ಸ್ಟೇಟ್‌ಮೆಂಟ್ ಬದಲು, ಕಂತು ಸರಿಯಾಗಿ ಕಟ್ಟುತ್ತಿದ್ದೇವೆ ಅಂತ ಹೇಳುವ ಪತ್ರಗಳನ್ನು ಕೊಟ್ಟಿತು. ಪತ್ರದ ಮೇಲೆ ಐರೆಡಾ ಮತ್ತು ಪಿಎಫ್‌ಸಿಯ ಹೆಸರಿತ್ತು. ಆ ಸಂಸ್ಥೆಗಳನ್ನೇ ಕೇಳಿದಾಗ, ಇಂಥ ಪತ್ರ ನಾವು ಕೊಟ್ಟೇ ಇಲ್ಲ ಎಂಬ ಉತ್ತರ ಬಂತು. 2025ರ ಮಾರ್ಚ್ ಮೊದಲ ವಾರದಲ್ಲಿ ಕೇರ್ ಮತ್ತು ಇಕ್ರಾ ಎರಡೂ ಕಂಪನಿಯ ರೇಟಿಂಗನ್ನು 'ಡಿ'ಗೆ ಇಳಿಸಿದವು. ಡಿ ಅಂದರೆ ಸಾಲದ ಕಂತು ತಪ್ಪಿದೆ ಎಂದು ಅರ್ಥ. ಕಂತು ತಪ್ಪಿದ್ದು 2024ರ ಡಿಸೆಂಬರ್‌ನಲ್ಲೇ. ಷೇರು ಹಿಡಿದಿದ್ದ ಸಾಮಾನ್ಯ ಜನಕ್ಕೆ ಸುದ್ದಿ ಮುಟ್ಟಿದ್ದು ಮಾರ್ಚ್‌ನಲ್ಲಿ. ಈ ನಡುವಿನ ಎರಡು ತಿಂಗಳಲ್ಲಿ ಷೇರು ಕೊಂಡವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ಎರಡು ತಿಂಗಳಲ್ಲಿ ಕಂಪನಿ ಒಳ್ಳೆಯ ಸುದ್ದಿಗಳನ್ನೇ ಕೊಡುತ್ತಿತ್ತು. ಜನವರಿ 28ರಂದು, ನಾವೇ ತಯಾರಿಸುವ ಹೊಸ ಕರೆಂಟ್ ಕಾರಿಗೆ 30,000 ಮುಂಗಡ ಆರ್ಡರ್ ಬಂದಿದೆ ಎಂದು ಷೇರು ಎಕ್ಸ್‌ಚೇಂಜಿಗೆ ತಿಳಿಸಿತು. ಸೆಬಿ ದಾಖಲೆ ತರಿಸಿ ನೋಡಿದಾಗ ಸಿಕ್ಕಿದ್ದು 9 ಸಂಸ್ಥೆಗಳ ಜೊತೆಗಿನ ತಿಳಿವಳಿಕೆ ಪತ್ರಗಳು, 29,000 ಕಾರಿಗೆ. ಅದರಲ್ಲಿ ಬೆಲೆ ಇಲ್ಲ, ಯಾವಾಗ ಕೊಡಬೇಕು ಎಂಬ ದಿನಾಂಕ ಇಲ್ಲ. ತಗೊಳ್ಳುವ ಇಷ್ಟ ಇದೆ ಅನ್ನುವ ಮಾತು, ಅಷ್ಟೇ. ಏಪ್ರಿಲ್ 9ರಂದು ರಾಷ್ಟ್ರೀಯ ಷೇರು ಪೇಟೆ ಎನ್‌ಎಸ್‌ಇಯ ಅಧಿಕಾರಿ ಪುಣೆ ಹತ್ತಿರದ ಚಾಕಣ್‌ನಲ್ಲಿದ್ದ ಕಾರ್ಖಾನೆಗೆ ಹೋದರು. ಕಾರು ತಯಾರಾಗುತ್ತಿರಲಿಲ್ಲ. ಎರಡು ಮೂರು ಜನ ಕೂಲಿಯವರು ಇದ್ದರು. ಕರೆಂಟ್ ಬಿಲ್ ನೋಡಿದರು. ಹನ್ನೆರಡು ತಿಂಗಳಲ್ಲಿ ಅತಿ ಹೆಚ್ಚಿನ ಬಿಲ್ ಸುಮಾರು 1.57 ಲಕ್ಷ ರೂಪಾಯಿ, 2024ರ ಡಿಸೆಂಬರ್‌ನದು. ಮೂವತ್ತು ಸಾವಿರ ಕಾರು ಮಾಡುತ್ತೇನೆ ಅನ್ನುವ ಕಾರ್ಖಾನೆಯ ಕರೆಂಟ್ ಬಿಲ್ ಇಷ್ಟೇನಾ?

ಕರೆಂಟ್ ಬಿಲ್ಲೂ ಒಂದು ಎದುರಿನ ಪುಸ್ತಕ. ಅದನ್ನು ಬರೆಯುವುದು ಕಂಪನಿಯಲ್ಲ, ವಿದ್ಯುತ್ ಇಲಾಖೆ.

ಕಂಪನಿಯ ಇ.ಸಿ. ಎಲ್ಲಿ ಸಿಗುತ್ತದೆ

ಡೀಲರ್‌ನ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸುವ ಅಧಿಕಾರ ನಮಗಿಲ್ಲ, ಅದು ನಿಜ. ಆದರೆ ನಮ್ಮ ಕೈಗೆ ಸಿಗುವುದೂ ಕಡಿಮೆ ಏನಿಲ್ಲ.

ಮೊದಲನೆಯದು ಚಾರ್ಜ್ ರಿಜಿಸ್ಟರ್. ಒಂದು ಕಂಪನಿ ಆಸ್ತಿ ಅಡವಿಟ್ಟು ಸಾಲ ತಗೊಂಡರೆ ಅದನ್ನು 'ಚಾರ್ಜ್' ಅನ್ನುತ್ತಾರೆ. 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಚಾರ್ಜ್ ಆದ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಅದನ್ನು ತಿಳಿಸಬೇಕು. ತಡವಾದರೆ ಜಾಸ್ತಿ ಶುಲ್ಕ ಕಟ್ಟಬೇಕು. ನೋಂದಣಿಯೇ ಆಗದಿದ್ದರೆ, ಕಂಪನಿ ಮುಳುಗಿದಾಗ ಆ ಸಾಲ ಕೊಟ್ಟವನ ಅಡಮಾನದ ಹಕ್ಕಿಗೆ ಬೆಲೆ ಇರುವುದಿಲ್ಲ. ಹಾಗಾಗಿ ಇದನ್ನು ಮಾಡಿಸಲು ಕಂಪನಿಗಿಂತ ಬ್ಯಾಂಕಿಗೇ ಆತುರ ಜಾಸ್ತಿ. ಈ ದಾಖಲೆಯನ್ನು ನಾನು ನಂಬುವುದು ಅದೇ ಕಾರಣಕ್ಕೆ. ಇದರಲ್ಲಿ ಸಾಲ ಕೊಟ್ಟವನ ಸ್ವಾರ್ಥ ಕೂತಿದೆ.

ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ವೆಬ್‌ಸೈಟಿಗೆ ಹೋಗಿ, ಲಾಗಿನ್ ಮಾಡಿಕೊಂಡು, ಕಂಪನಿಯ ಹೆಸರು ಹಾಕಿದರೆ ಚಾರ್ಜ್‌ಗಳ ಪಟ್ಟಿ ಬರುತ್ತದೆ. ಅದಕ್ಕೆ ದುಡ್ಡಿಲ್ಲ. ಯಾರ ಹತ್ತಿರ ಸಾಲ, ಎಷ್ಟು, ಯಾವ ದಿನಾಂಕ, ತೀರಿದೆಯೋ ಇಲ್ಲವೋ ಎಲ್ಲ ಸಾಲಾಗಿ ಇರುತ್ತದೆ. ನೂರು ರೂಪಾಯಿ ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ಕಾಗದಗಳನ್ನೇ ತೆರೆದು ನೋಡಬಹುದು. ಯಾವ ಯಂತ್ರ, ಯಾವ ಜಾಗ ಅಡಮಾನಕ್ಕೆ ಹೋಗಿದೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಪಟ್ಟಿ ಸಿಕ್ಕ ಮೇಲೆ ಏನು ನೋಡಬೇಕು? ನಾನು ಒಂದು ಹಾಳೆಯಲ್ಲಿ ಎರಡು ಸಾಲು ಬರೆಯುತ್ತೇನೆ. ಎಡಕ್ಕೆ ವಾರ್ಷಿಕ ವರದಿಯಲ್ಲಿ ಹೇಳಿದ ಸಾಲಗಳು, ಬಲಕ್ಕೆ ಚಾರ್ಜ್ ಪಟ್ಟಿಯ ಸಾಲಗಳು. ಮೊತ್ತ ಸರಿಯಾಗಿ ತಾಳೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಚಾರ್ಜ್‌ನಲ್ಲಿ ಇರುವುದು ಮಂಜೂರಾದ ಮೊತ್ತ, ವರದಿಯಲ್ಲಿ ಇರುವುದು ಉಳಿದ ಬಾಕಿ. ನೋಡಬೇಕಾದ್ದು ಹೆಸರುಗಳನ್ನು. ಬಲಗಡೆ ಇರುವ, ಸಾಲ ಕೊಟ್ಟ ಒಬ್ಬನ ಹೆಸರು ಎಡಗಡೆ ಎಲ್ಲೂ ಕಾಣದಿದ್ದರೆ ಅಲ್ಲಿ ನಿಲ್ಲಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ಮೇ, ಜೂನ್‌ನಲ್ಲಿ ಒಂದರ ಹಿಂದೆ ಒಂದು ಹೊಸ ಚಾರ್ಜ್ ಬಿದ್ದಿದ್ದರೆ, ವರದಿ ನಮಗೆ ತೋರಿಸುತ್ತಿರುವುದು ಹಳೆಯ ಚಿತ್ರ. ದೊಡ್ಡ ಬ್ಯಾಂಕುಗಳ ಚಾರ್ಜ್ ಮುಚ್ಚಿ, ಅವುಗಳ ಜಾಗಕ್ಕೆ ಜಾಸ್ತಿ ಬಡ್ಡಿಯ ಖಾಸಗಿ ಫೈನಾನ್ಸ್ ಕಂಪನಿಗಳು ಬಂದಿದ್ದರೆ, ಬ್ಯಾಂಕು ಯಾಕೆ ಕೈ ತೊಳೆದುಕೊಂಡಿತು ಅಂತ ಕೇಳಿಕೊಳ್ಳಬೇಕು. ನನ್ನ ಅನುಭವದಲ್ಲಿ ಇದಕ್ಕಿಂತ ಜೋರಾಗಿ ಬಡಿಯುವ ಗಂಟೆ ಇನ್ನೊಂದಿಲ್ಲ.

ಈ ಪಟ್ಟಿಯಲ್ಲಿ ಕಾಣದ ಸಾಲವೂ ಇದೆ. ಏನೂ ಅಡವಿಡದೆ ತಂದ ಕೈಸಾಲ, ಬೇರೆ ಕಂಪನಿಯಿಂದ ತಗೊಂಡ ಠೇವಣಿ, ಮಾಲು ಕೊಟ್ಟವರಿಗೆ ಕೊಡದೆ ಇಟ್ಟುಕೊಂಡ ಬಾಕಿ. ಎಲ್ಲಕ್ಕಿಂತ ಅಪಾಯದ್ದು ಜಾಮೀನು. ಪ್ರವರ್ತಕರ ಇನ್ನೊಂದು ಕಂಪನಿ ಸಾಲ ಮಾಡುತ್ತದೆ, ಷೇರು ಪೇಟೆಯ ಪಟ್ಟಿಯಲ್ಲಿರುವ ನಮ್ಮ ಲಿಸ್ಟೆಡ್ ಕಂಪನಿ ಅದಕ್ಕೆ ಜಾಮೀನು ನಿಲ್ಲುತ್ತದೆ. ಊರಲ್ಲಿ ಯಾರದೋ ಸಾಲಕ್ಕೆ ಸೈನ್ ಹಾಕಿ ಹೊಲ ಕಳಕೊಂಡವರ ಕಥೆ ನಮಗೆಲ್ಲ ಗೊತ್ತಲ್ವಾ, ಅದೇ ಇದು. ಇದು ಬ್ಯಾಲೆನ್ಸ್ ಶೀಟಿನ ಸಾಲದ ಸಾಲಿನಲ್ಲಿ ಬರುವುದಿಲ್ಲ. ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ, 'ಕಂಟಿಂಜೆಂಟ್ ಲಯಬಿಲಿಟಿ' ಎಂಬ ಟಿಪ್ಪಣಿಯಲ್ಲಿ ಇರುತ್ತದೆ. ವಾರ್ಷಿಕ ವರದಿಯನ್ನು ಹಿಂದಿನಿಂದ ಓದಿ ಅಂತ ಹಳಬರು ಹೇಳುವುದು ಇದಕ್ಕೇ.

ಪ್ರವರ್ತಕರು ತಮ್ಮ ಷೇರನ್ನೇ ಅಡವಿಟ್ಟು ಸಾಲ ತಂದಿದ್ದಾರೋ ಅಂತ ತಿಳಿಯಲು ಮೂರು ತಿಂಗಳಿಗೊಮ್ಮೆ ಬರುವ ಷೇರು ಹಂಚಿಕೆ ಪಟ್ಟಿ ನೋಡಿದರೆ ಸಾಕು. ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತದೆ. ಸಾಲ ತೀರಿಸದ ಕಂಪನಿಗಳ ಮೇಲೆ ಬ್ಯಾಂಕುಗಳು ಹೂಡಿದ ದಾವೆಗಳ ಪಟ್ಟಿಯನ್ನು ಸಿಬಿಲ್ ಪ್ರಕಟಿಸುತ್ತದೆ. ಕಂಪನಿಗಳ ವ್ಯಾಜ್ಯ, ದಿವಾಳಿ ವಿಷಯ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿದರೆ, ಬಾಕಿ ಬರಲಿಲ್ಲ ಅಂತ ಯಾರಾದರೂ ಅರ್ಜಿ ಹಾಕಿದ್ದಾರಾ ಅನ್ನುವುದು ಗೊತ್ತಾಗುತ್ತದೆ. ಬಾಕಿ ಬಿಲ್ಲಿಗಾಗಿ ಒಬ್ಬ ಸಪ್ಲೈಯರ್ ಅಲ್ಲಿಯ ಮೆಟ್ಟಿಲು ಹತ್ತಿದ್ದರೆ, ಕಂಪನಿಯ ಗಲ್ಲಾಪೆಟ್ಟಿಗೆ ಹೇಗಿದೆ ಅಂತ ಊಹಿಸಬಹುದು.

ಎದುರಿಗೆ ಕೂತವರು ಯಾರು

ಈಗ ಕಂಪನಿಯ ಜೊತೆ ವ್ಯವಹಾರ ಮಾಡುವವರ ವಿಷಯ. ಇಲ್ಲಿ ಎರಡು ಥರದವರು ಇರುತ್ತಾರೆ. ಸಂಬಂಧ ಇದೆ ಅಂತ ಕಂಪನಿಯೇ ಒಪ್ಪಿಕೊಂಡವರು, ಮತ್ತು ಸಂಬಂಧ ಇದ್ದೂ ಹೊರಗಿನವರ ಹಾಗೆ ಕಾಣುವವರು.

ಒಪ್ಪಿಕೊಂಡವರ ವಿವರ ವಾರ್ಷಿಕ ವರದಿಯ 'ರಿಲೇಟೆಡ್ ಪಾರ್ಟಿ' ಟಿಪ್ಪಣಿಯಲ್ಲಿ ಇರುತ್ತದೆ. ಪ್ರವರ್ತಕರ ಬೇರೆ ಕಂಪನಿಗಳು, ಹೆಂಡತಿ ಮಕ್ಕಳ ಕಂಪನಿಗಳು, ಅವರಿಗೆ ಕೊಟ್ಟ ಸಾಲ, ಅವರಿಂದ ಬಾಡಿಗೆ. ಇದನ್ನು ಒಂದು ವರ್ಷದ್ದು ನೋಡಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಬೇಕು. ವರ್ಷದಿಂದ ವರ್ಷಕ್ಕೆ ಬಾಕಿ ಏರುತ್ತಲೇ ಇದ್ದು, ಯಾವತ್ತೂ ಇಳಿಯದಿದ್ದರೆ ಅದು ವ್ಯಾಪಾರವಲ್ಲ.

ನಮ್ಮ ರಾಜ್ಯದಲ್ಲಿ ಈ ಮಾತು ಬಂದರೆ ಕಾಫಿ ಡೇ ನೆನಪಾಗದೆ ಇರುವುದಿಲ್ಲ. ಅದು ಸಣ್ಣ ಕಂಪನಿ ಅಲ್ಲ. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ತುಂಬ ಕೊಂಡೊಯ್ದ ವಿ.ಜಿ. ಸಿದ್ಧಾರ್ಥ ಅವರನ್ನು 2019ರ ಜುಲೈನಲ್ಲಿ ಕಳೆದುಕೊಂಡ ನೋವು ಮಲೆನಾಡಿನಲ್ಲಿ ಇನ್ನೂ ಆರಿಲ್ಲ. ಆದರೂ ಅಲ್ಲಿಂದ ಕಲಿಯಬೇಕಾದ್ದು ಇದೆ, ಹಾಗಾಗಿ ಹೇಳುತ್ತೇನೆ. ಒಂದು ವರ್ಷದ ನಂತರ, 2020ರ ಜುಲೈನಲ್ಲಿ ಹೊರಬಂದ ತನಿಖಾ ವರದಿಯ ಪ್ರಕಾರ, ಕಾಫಿ ಡೇ ಎಂಟರ್‌ಪ್ರೈಸಸ್‌ನ ಉಪ ಕಂಪನಿಗಳಿಗೆ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಪ್ರವರ್ತಕರ ಖಾಸಗಿ ಕಂಪನಿಯಿಂದ 3,535 ಕೋಟಿ ಬರಬೇಕಿತ್ತು. 2019ರ ಮಾರ್ಚ್ 31ರ ಲೆಕ್ಕದಲ್ಲಿ ಕಾಣುತ್ತಿದ್ದದ್ದು 842 ಕೋಟಿ. ಉಳಿದ 2,693 ಕೋಟಿ ಆಮೇಲೆ ಬೆಳಕಿಗೆ ಬಂದದ್ದು. 2023ರ ಜನವರಿಯಲ್ಲಿ ಸೆಬಿ ಕಂಪನಿಗೆ 26 ಕೋಟಿ ದಂಡದ ಆದೇಶ ಹೊರಡಿಸಿತು.

ಇಲ್ಲಿ ಗಮನಿಸಬೇಕಾದ್ದು ಆ 842 ಕೋಟಿಯನ್ನು. ಅದು ಮುಚ್ಚಿಟ್ಟ ದುಡ್ಡಲ್ಲ, ಪುಸ್ತಕದಲ್ಲೇ ಇತ್ತು. ಕಾಫಿ ಮಾರುವ ಕಂಪನಿಗಳಿಗೆ ಪ್ರವರ್ತಕರ ಎಸ್ಟೇಟ್ ಕಂಪನಿಯಿಂದ ಇಷ್ಟು ದುಡ್ಡು ಯಾಕೆ ಬರಬೇಕು ಅಂತ ಆಗಲೇ ಒಬ್ಬರಾದರೂ ಗಟ್ಟಿಯಾಗಿ ಕೇಳಬಹುದಿತ್ತು. ಜೆನ್ಸೋಲ್‌ನಲ್ಲೂ ಹಾಗೆಯೇ. ಬ್ಲೂಸ್ಮಾರ್ಟ್ ಸಂಬಂಧಪಟ್ಟ ಕಂಪನಿ ಅನ್ನುವುದು ಗುಟ್ಟಾಗಿರಲಿಲ್ಲ. ಜೆನ್ಸೋಲ್ ಸಾಲದ ಕಂತು ಕಟ್ಟಲು ಬ್ಲೂಸ್ಮಾರ್ಟ್ ಬಾಡಿಗೆ ಕೊಡಬೇಕು. ಬ್ಲೂಸ್ಮಾರ್ಟ್ ಹೊಸ ಹೂಡಿಕೆದಾರರ ದುಡ್ಡಿನ ಮೇಲೆ ನಡೆಯುತ್ತಿತ್ತು. ಒಂದು ಕಡೆ ಬಾವಿ ಬತ್ತಿದರೆ ಇನ್ನೊಂದು ಕಡೆ ಹೊಲ ಒಣಗಲೇಬೇಕು. ಇಷ್ಟು ತಿಳಿಯಲು ಸೆಬಿ ಆದೇಶ ಬೇಕಾಗಿರಲಿಲ್ಲ.

ಹೊರಗಿನವರ ಹಾಗೆ ಕಾಣುವವರನ್ನು ಹಿಡಿಯುವುದು ಕಷ್ಟ. ಇದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಒಂದು ಸಣ್ಣ ಕಂಪನಿ, ಹೆಸರು ಬೇಡ. ಅದಕ್ಕೆ ದೊಡ್ಡ ಆರ್ಡರ್ ಸಿಕ್ಕಿದೆ ಅಂತ ಎಕ್ಸ್‌ಚೇಂಜಿನಲ್ಲಿ ಪ್ರಕಟಣೆ ಬಂತು. ಮರುದಿನ ಷೇರು ಮೇಲಿನ ಸರ್ಕ್ಯೂಟ್‌ಗೆ, ಅಂದರೆ ಒಂದು ದಿನದಲ್ಲಿ ಏರಬಹುದಾದ ಮಿತಿಗೆ ಹೋಯಿತು. ನನ್ನ ಸ್ನೇಹಿತರೊಬ್ಬರು ಫೋನ್ ಮಾಡಿ, ನಾಳೆ ಬೆಳಿಗ್ಗೆ ತಗೊಳ್ಳಲಾ ಅಂದರು. ಒಂದು ರಾತ್ರಿ ಕೊಡಿ ಅಂದೆ. ಊಟ ಆದ ಮೇಲೆ ಕೂತು, ಆರ್ಡರ್ ಕೊಟ್ಟ ಕಂಪನಿಯ ಹೆಸರನ್ನು ಎಂಸಿಎಯಲ್ಲಿ ಹುಡುಕಿದೆ. ನೋಂದಣಿ ಆಗಿ ಏಳು ತಿಂಗಳಾಗಿತ್ತು. ಪಾವತಿಯಾದ ಬಂಡವಾಳ ಒಂದು ಲಕ್ಷ. ಒಂದು ಲಕ್ಷ ಬಂಡವಾಳದ ಕಂಪನಿ ಕೋಟಿಗಟ್ಟಲೆ ಆರ್ಡರ್ ಕೊಡುತ್ತದೆಯೇ? ಅದರ ಇಬ್ಬರು ನಿರ್ದೇಶಕರ ಹೆಸರು ಒತ್ತಿದೆ. ಒಬ್ಬರು ಇನ್ನೂ ನಾಲ್ಕು ಕಂಪನಿಗಳಲ್ಲಿ ನಿರ್ದೇಶಕರು. ಅದರಲ್ಲಿ ಒಂದರ ವಿಳಾಸ ನಮ್ಮ ಲಿಸ್ಟೆಡ್ ಕಂಪನಿಯ ಕಚೇರಿ ಇದ್ದ ಅದೇ ಕಟ್ಟಡ, ಅದೇ ಮಹಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿದರೆ ಗಿರಾಕಿ ಕಂಪನಿ ರಿಟರ್ನ್ ಸಲ್ಲಿಸಿ ಮೂರು ತಿಂಗಳಾಗಿತ್ತು.

ಇದರಿಂದ ಮೋಸ ಅಂತ ಸಾಬೀತಾಗುವುದಿಲ್ಲ. ಒಂದೇ ಕಟ್ಟಡದಲ್ಲಿ ಹತ್ತು ಕಂಪನಿ ಇರಬಹುದು. ನಾನು ಕಂಪನಿಯ ಕಾರ್ಯದರ್ಶಿಗೆ ಮೇಲ್ ಮಾಡಿ, ಈ ಗಿರಾಕಿ ಹಿಂದೆ ನಿಮ್ಮಿಂದ ಏನಾದರೂ ಕೊಂಡಿದ್ದಾರಾ, ಮುಂಗಡ ಬಂದಿದೆಯಾ ಅಂತ ಎರಡೇ ಪ್ರಶ್ನೆ ಕೇಳಿದೆ. ವ್ಯವಹಾರದ ಗುಟ್ಟು, ಹೇಳಲಾಗದು ಅಂತ ಉತ್ತರ ಬಂತು. ಸ್ನೇಹಿತರು ಷೇರು ತಗೊಳ್ಳಲಿಲ್ಲ. ಎರಡು ಗಂಟೆಯ ಕೆಲಸ, ಖರ್ಚು ನೂರು ರೂಪಾಯಿ.

ಇಂಥ ಹುಡುಕಾಟದಲ್ಲಿ ಕಣ್ಣಿಡಬೇಕಾದ ಇನ್ನೊಂದು ಜಾಗ ಬರಬೇಕಾದ ಬಾಕಿಯ ಪಟ್ಟಿ. 2021ರ ಏಪ್ರಿಲ್‌ನಿಂದ ಕಂಪನಿಗಳು ಬಾಕಿಯನ್ನು ವಯಸ್ಸಿನ ಪ್ರಕಾರ ತೋರಿಸಬೇಕು. ಆರು ತಿಂಗಳೊಳಗಿನದು ಎಷ್ಟು, ಒಂದು ವರ್ಷ ಮೀರಿದ್ದು ಎಷ್ಟು, ಮೂರು ವರ್ಷ ಮೀರಿದ್ದು ಎಷ್ಟು ಅಂತ. ಮಾರಾಟ ವರ್ಷ ವರ್ಷ ಏರುತ್ತಾ, ದುಡ್ಡು ಮಾತ್ರ ಬರದೆ ಹಳೆಯ ಬಾಕಿ ಬೆಳೆಯುತ್ತಿದ್ದರೆ, ಗಿರಾಕಿ ಇದ್ದಾನೋ ಕಾಗದದ ಮೇಲೆ ಮಾತ್ರ ಇದ್ದಾನೋ ಅನ್ನುವ ಅನುಮಾನ ಬರಲೇಬೇಕು. ಅದೇ ನಿಯಮ ಇನ್ನೊಂದನ್ನೂ ಕಡ್ಡಾಯ ಮಾಡಿತು. ರಿಜಿಸ್ಟ್ರಾರ್ ಪಟ್ಟಿಯಿಂದ ತೆಗೆದುಹಾಕಿದ ಕಂಪನಿಗಳ ಜೊತೆ ವ್ಯವಹಾರ ಇದ್ದರೆ ಹೆಸರು ಸಮೇತ ಹೇಳಬೇಕು. ಹೊತ್ತಿಗೆ ಸರಿಯಾಗಿ ನೋಂದಣಿ ಆಗದ ಚಾರ್ಜ್ ಇದ್ದರೆ ಅದನ್ನೂ ಹೇಳಬೇಕು. ಅರ್ಧ ಪುಟದ ಈ ಟಿಪ್ಪಣಿಯನ್ನು ಓದುವವರು ಬಹಳ ಕಡಿಮೆ.

ಆಡಿಟರ್ ವರದಿಯಲ್ಲಿ ಮೊದಲ ಪುಟದ ಶುಭ ಮಾತು ಬಿಟ್ಟು, ಕೊನೆಗೆ ಅಂಟಿಸಿದ 'ಕಾರೋ' ಅನುಬಂಧಕ್ಕೆ, ಅಂದರೆ ಸರ್ಕಾರದ ಆದೇಶದಂತೆ ಆಡಿಟರ್ ಉತ್ತರಿಸಬೇಕಾದ ಅಂಶಗಳ ಪಟ್ಟಿಗೆ ಹೋಗಿ. ಅಲ್ಲಿ 9ನೇ ಅಂಶ ಪೂರ್ತಿ ಸಾಲದ ಬಗ್ಗೆ. ಕಂತು ತಪ್ಪಿದೆಯಾ, ಯಾವ ಕೆಲಸಕ್ಕೆ ತಂದ ಸಾಲವೋ ಅದಕ್ಕೇ ಬಳಸಿದ್ದಾರಾ, ಅಲ್ಪಾವಧಿ ಸಾಲವನ್ನು ದೀರ್ಘಾವಧಿ ಕೆಲಸಕ್ಕೆ ಹಾಕಿದ್ದಾರಾ ಅಂತ ಆಡಿಟರ್ ಉತ್ತರ ಕೊಡಲೇಬೇಕು. ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ವ್ಯತ್ಯಾಸ ಇದ್ದರೆ ಅದೂ 2ನೇ ಅಂಶದಲ್ಲಿ ಬರುತ್ತದೆ. ಬ್ಯಾಂಕಿಗೆ ಒಂದು ದಾಸ್ತಾನು, ನಮಗೆ ಒಂದು ದಾಸ್ತಾನು ತೋರಿಸುವ ಕಂಪನಿಯನ್ನು ನಾನು ಅಲ್ಲಿಗೇ ಕೈಬಿಡುತ್ತೇನೆ.

ರೇಟಿಂಗ್ ಸಂಸ್ಥೆಗಳ ಟಿಪ್ಪಣಿಗಳು ಅವುಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅಕ್ಷರಕ್ಕಿಂತ ಒಳಗಿನ ಮಾತು ಮುಖ್ಯ. 'ಕಂಪನಿ ಸಹಕರಿಸುತ್ತಿಲ್ಲ' ಎಂಬ ಷರಾ ಕಂಡರೆ, ಕೇಳಿದ ಕಾಗದ ಕೊಟ್ಟಿಲ್ಲ ಎಂದರ್ಥ. ಜೆನ್ಸೋಲ್ ವಿಷಯದಲ್ಲಿ ಕಾಗದ ಕೊಟ್ಟಿದ್ದರು, ಅದು ನಕಲಿ ಎಂದು ತೋರಿತು. ಗೊತ್ತಾದದ್ದು ಪತ್ರ ಬರೆದವರನ್ನೇ ಹೋಗಿ ಕೇಳಿದ್ದರಿಂದ.

ಕೇಳುವ ಹಕ್ಕು

ಲಿಸ್ಟೆಡ್ ಕಂಪನಿ ಸಾಲದ ಕಂತು ಅಥವಾ ಬಡ್ಡಿಯನ್ನು 30 ದಿನ ಮೀರಿ ಬಾಕಿ ಇಟ್ಟರೆ, 24 ಗಂಟೆಯೊಳಗೆ ಎಕ್ಸ್‌ಚೇಂಜಿಗೆ ತಿಳಿಸಬೇಕು ಎಂಬ ಸೆಬಿ ನಿಯಮ 2020ರ ಜನವರಿಯಿಂದ ಇದೆ. ನಿಯಮ ಒಳ್ಳೆಯದು. ಆದರೆ ತಿಳಿಸಬೇಕಾದವನು ಕಂಪನಿಯೇ. ಸಾಲ ಕೊಟ್ಟವನೂ ನೇರವಾಗಿ ಎಕ್ಸ್‌ಚೇಂಜಿಗೆ ತಿಳಿಸುವಂತಾದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಎಸ್‌ಎಂಇ ಪಟ್ಟಿಯ ಕಂಪನಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅಲ್ಲಿ ಫಲಿತಾಂಶ ಬರುವುದೇ ಆರು ತಿಂಗಳಿಗೊಮ್ಮೆ. ನಡುವೆ ಏನಾದರೂ ಆದರೆ ನಮಗೆ ಆಸರೆ ಚಾರ್ಜ್ ಪಟ್ಟಿ ಮತ್ತು ಕೋರ್ಟ್ ಪಟ್ಟಿ ಮಾತ್ರ.

ಈಗಾಗಲೇ ಷೇರು ಇದ್ದವರಿಗೆ ಇನ್ನೊಂದು ದಾರಿ ಇದೆ. ಒಂದೇ ಷೇರು ಇದ್ದರೂ ವಾರ್ಷಿಕ ಸಭೆಗೆ ಹೋಗಬಹುದು. ಈಗ ಎಷ್ಟೋ ಸಭೆಗಳು ವಿಡಿಯೋದಲ್ಲಿ ನಡೆಯುತ್ತವೆ, ಹಾಸನದಲ್ಲೋ ಬೀದರ್‌ನಲ್ಲೋ ಮನೆಯಲ್ಲೇ ಕೂತು ಭಾಗವಹಿಸಬಹುದು. ಮುಂಚೆ ಮೇಲ್ ಮಾಡಿ ಮಾತಾಡುವವರ ಪಟ್ಟಿಗೆ ಹೆಸರು ಕೊಡಬೇಕು. ಸಂಬಂಧಪಟ್ಟವರ ಜೊತೆಗಿನ ದೊಡ್ಡ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು. ಅದರಲ್ಲಿ ಪ್ರವರ್ತಕರು ತಮ್ಮ ಪರ ಮತ ಹಾಕುವಂತಿಲ್ಲ. ಅಲ್ಲಿ ನಡೆಯುವುದು ಸಣ್ಣವರ ಮತವೇ. ಇ-ವೋಟಿಂಗ್ ಲಿಂಕ್ ಬಂದಾಗ ಅದನ್ನು ಅಳಿಸಿಹಾಕಬೇಡಿ.

ಪ್ರಶ್ನೆ ಕೇಳುವಾಗ ಹೂಂ ಅಥವಾ ಊಹೂಂ ಅಂತ ಉತ್ತರ ಬರುವ ಹಾಗೆ ಕೇಳಿ. 'ಸಾಲದ ಪರಿಸ್ಥಿತಿ ಹೇಗಿದೆ' ಅಂದರೆ, ಚೆನ್ನಾಗಿದೆ ಅನ್ನುತ್ತಾರೆ. 'ಈ ದಿನಾಂಕಕ್ಕೆ ಯಾವುದಾದರೂ ಸಂಸ್ಥೆಯ ಕಂತು ಒಂದು ದಿನವಾದರೂ ತಡವಾಗಿದೆಯಾ? ಬೇರೆ ಯಾವುದಾದರೂ ಕಂಪನಿಯ ಸಾಲಕ್ಕೆ ನಾವು ಜಾಮೀನು ನಿಂತಿದ್ದೇವಾ? ನಮ್ಮ ಮೊದಲ ಐದು ಗಿರಾಕಿಗಳಲ್ಲಿ ಪ್ರವರ್ತಕರ ಮಾಜಿ ನೌಕರರು ನಡೆಸುವ ಕಂಪನಿ ಇದೆಯಾ?' ಹೀಗೆ ಕೇಳಿದರೆ ಉತ್ತರ ಸಭೆಯ ದಾಖಲೆಗೆ ಹೋಗುತ್ತದೆ. ಕೊನೆಯ ಪ್ರಶ್ನೆ ವಿಚಿತ್ರ ಅನಿಸಬಹುದು. ಜೆನ್ಸೋಲ್ ಆದೇಶದಲ್ಲಿ ವೆಲ್‌ರೇ ಎಂಬ ಕಂಪನಿಯ ಹೆಸರು ಬರುತ್ತದೆ. ಅದು ಮೊದಲು ಪ್ರವರ್ತಕರದ್ದಾಗಿತ್ತು, ಆಮೇಲೆ ಜೆನ್ಸೋಲ್‌ನ ಮಾಜಿ ನೌಕರರೊಬ್ಬರ ಕೈಗೆ ಹೋಯಿತು. ಜೆನ್ಸೋಲ್‌ನಿಂದ ಅದಕ್ಕೆ ದುಡ್ಡು ಹೋಗುತ್ತಿತ್ತು, ಆ ಕಂಪನಿ ಷೇರು ಪೇಟೆಯಲ್ಲಿ ಮಾಡಿದ ವ್ಯವಹಾರ ಬಹುಪಾಲು ಜೆನ್ಸೋಲ್ ಷೇರಿನಲ್ಲೇ ಇತ್ತು.

2025ರ ಜೂನ್‌ನಲ್ಲಿ ಐರೆಡಾದ ಅರ್ಜಿಯ ಮೇಲೆ ಅಹಮದಾಬಾದ್ ಎನ್‌ಸಿಎಲ್‌ಟಿ ಜೆನ್ಸೋಲ್‌ನನ್ನು ದಿವಾಳಿ ಪ್ರಕ್ರಿಯೆಗೆ ಒಪ್ಪಿಸಿತು. ದಿವಾಳಿಯಲ್ಲಿ ದುಡ್ಡು ಹಂಚುವ ಸರದಿಯಲ್ಲಿ ಅಡಮಾನದ ಮೇಲೆ ಸಾಲ ಕೊಟ್ಟವರು ಮುಂದೆ ನಿಲ್ಲುತ್ತಾರೆ. ಮಾಲು ಕೊಟ್ಟ ಸಪ್ಲೈಯರ್‌ಗಳು ಅವರ ಹಿಂದೆ. ಷೇರು ಹಿಡಿದವರು ಎಲ್ಲರಿಗಿಂತ ಹಿಂದೆ.